ಉಚಿತ ಕರೆಂಟು, ಯಾವ ರೈತನಿಗೆ?

ಬಜೆಟ್ ಹತ್ತಿರ ಬಂದಾಗ ಒಮ್ಮೆ, ಕೆಇಆರ್‌ಸಿ ಹೊಸ ದರ ಪ್ರಕಟಿಸಿದಾಗ ಇನ್ನೊಮ್ಮೆ, ನಮ್ಮ ಟೈಮ್‌ಲೈನ್‌ಗಳಲ್ಲಿ ಒಂದೇ ಜಗಳ ವರ್ಷಕ್ಕೆ ಎರಡು ಸಲ ನಡೆಯುತ್ತೆ. "ನಾವು ತೆರಿಗೆ ಕಟ್ಟೋದು, ಅವರು ಪುಕ್ಕಟೆ ಕರೆಂಟಲ್ಲಿ ನೀರು ಹರಿಸೋದು" ಅಂತ ಒಂದು ಗುಂಪು. "ಅನ್ನ ಹಾಕೋ ರೈತನಿಗೆ ಕೊಟ್ಟರೆ ನಿಮಗ್ಯಾಕೆ ಹೊಟ್ಟೆಯುರಿ" ಅಂತ ಇನ್ನೊಂದು ಗುಂಪು. ಯಾವ ಕಡೆ ಅಂತ ಕೇಳಿದರೆ ನಾನು ಎರಡನೇ ಗುಂಪಿನವನೇ. ಆದರೆ ಈ ಎರಡೂ ಗುಂಪು ಒಂದು ವಿಷಯದಲ್ಲಿ ಪೂರ್ತಿ ಒಪ್ಪಿಕೊಂಡಿವೆ, ಅದೇ ನನ್ನ ತಕರಾರು. ಇಬ್ಬರ ತಲೆಯಲ್ಲೂ ಇರುವುದು ಒಬ್ಬನೇ ರೈತ. ಅವನ ಹೊಲದಲ್ಲಿ ಬೋರ್‌ವೆಲ್ ಇದೆ, ಬದುವಿನ ಮೇಲೆ ಸ್ಟಾರ್ಟರ್ ಪೆಟ್ಟಿಗೆ ಇದೆ, ಕರೆಂಟು ಬಂದ ತಕ್ಷಣ ಅವನು ಎದ್ದು ಓಡುತ್ತಾನೆ.

ಕರ್ನಾಟಕದ ಬಹುಪಾಲು ರೈತರು ಆ ಚಿತ್ರದೊಳಗೆ ಇಲ್ಲವೇ ಇಲ್ಲ. ರಾಜ್ಯದಲ್ಲಿರುವ ನೀರಾವರಿ ಪಂಪ್‌ಸೆಟ್‌ಗಳು 30 ಲಕ್ಷಕ್ಕಿಂತ ಹೆಚ್ಚು. 2015-16ರ ಕೃಷಿ ಗಣತಿ ಪ್ರಕಾರ ಕೃಷಿ ಹಿಡುವಳಿಗಳು ಸುಮಾರು 87 ಲಕ್ಷ. ಒಂದು ಹಿಡುವಳಿಗೆ ಒಂದೇ ಪಂಪ್‌ಸೆಟ್ ಅಂತ ಉದಾರವಾಗಿ ಹಂಚಿದರೂ ಅರ್ಧಕ್ಕಿಂತ ಹೆಚ್ಚು ಹಿಡುವಳಿಗಳ ಕೈ ಖಾಲಿ. ಒಬ್ಬರ ಹೆಸರಲ್ಲೇ ಎರಡು-ಮೂರು ಆರ್‌.ಆರ್. ನಂಬರ್ ಇರುವುದು ಹಳ್ಳಿಯ ಕಡೆಯಿಂದ ಬಂದ ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿ ನಿಜವಾದ ಅಂತರ ಇನ್ನೂ ದೊಡ್ಡದು. ರಾಜ್ಯದ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪಂಪ್‌ಸೆಟ್‌ಗಳಿಗೆ ಹೋಗುತ್ತೆ. ಅದಕ್ಕಾಗಿ ಸರ್ಕಾರ ಎಸ್ಕಾಂಗಳಿಗೆ ಕಟ್ಟಿಕೊಡುವ ಸಬ್ಸಿಡಿ ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿ ಮೀರಿದೆ. ರಾಜ್ಯದ ಅತಿ ದೊಡ್ಡ ರೈತ ಸಬ್ಸಿಡಿಗಳಲ್ಲಿ ಇದೂ ಒಂದು. ಇದು ಯಾವ ಊರಿಗೆ ಎಷ್ಟು ಹೋಗುತ್ತೆ, ಯಾವ ಊರಿಗೆ ಹೋಗುವುದೇ ಇಲ್ಲ ಅನ್ನುವುದು ಮಾತ್ರ ಆ ಜಗಳದಲ್ಲಿ ಯಾವತ್ತೂ ಬರುವುದಿಲ್ಲ.

ಒಂದು ಅಂಗುಲ ನೀರಿನ ಬೆಲೆ

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನ ಚಟ ಇದು, ಸ್ವಲ್ಪ ಸಹಿಸಿಕೊಳ್ಳಿ. ಒಂದು ಎಕರೆ ಹೊಲದ ತುಂಬ ಒಂದು ಅಂಗುಲ ನೀರು ನಿಲ್ಲಬೇಕು ಅಂದರೆ ಸುಮಾರು 1.03 ಲಕ್ಷ ಲೀಟರ್ ಬೇಕು. ಪಂಪು, ಮೋಟಾರು, ಪೈಪಿನ ಒಳಗಿನ ತಿಕ್ಕಾಟ ಎಲ್ಲ ಸೇರಿ ದಕ್ಷತೆ ಶೇ 35 ಅಂತ ಇಟ್ಟುಕೊಳ್ಳೋಣ. ಹಳ್ಳಿಯಲ್ಲಿ ಎರಡು-ಮೂರು ಸಲ ರೀವೈಂಡಿಂಗ್ ಆದ ಮೋಟಾರಿಗೆ ಇದೂ ಜಾಸ್ತಿಯೇ. ಆ ನೀರನ್ನು 10 ಮೀಟರ್ ಮೇಲಕ್ಕೆತ್ತಲು ಸುಮಾರು 8 ಯೂನಿಟ್ ಸಾಕು. 100 ಮೀಟರ್ ಆಳದಿಂದ ಎತ್ತಲು 80 ಯೂನಿಟ್. 300 ಮೀಟರ್, ಅಂದರೆ ಸಾವಿರ ಅಡಿ ಆಳದಿಂದ ಎತ್ತಲು 240 ಯೂನಿಟ್.

ಎಂಟಕ್ಕೂ ಇನ್ನೂರ ನಲವತ್ತಕ್ಕೂ ಇರುವ ವ್ಯತ್ಯಾಸ ರೈತನ ಸೋಮಾರಿತನದ್ದಲ್ಲ, ದುರಾಸೆಯದ್ದೂ ಅಲ್ಲ. ಅವನ ಕಾಲ ಕೆಳಗಿನ ಕಲ್ಲಿನದ್ದು. ಕರಾವಳಿಯ ತೋಟದ ಕೆರೆಯಿಂದಲೋ ಹೊಳೆಯಿಂದಲೋ ನೀರೆತ್ತುವವನು ಮೊದಲ ಲೆಕ್ಕದವನು. ಕೋಲಾರ, ಚಿಕ್ಕಬಳ್ಳಾಪುರದವನು ಕೊನೆಯ ಲೆಕ್ಕದವನು. ಅಲ್ಲಿ ಸಾವಿರ ಅಡಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸಾವಿರದ ಐನೂರು ಅಡಿಗೂ ಬರೀ ಧೂಳು ಬಂತು ಅಂದಾಗ ಮಾತ್ರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

ಈಗ ಇನ್ನೊಂದು ಹೆಜ್ಜೆ. 10 ಎಚ್‌ಪಿ ಮೋಟಾರು ಗಂಟೆಗೆ ಸುಮಾರು 9 ಯೂನಿಟ್ ಎಳೆಯುತ್ತೆ. ಸರ್ಕಾರ ಹೇಳುವ ದಿನದ ಏಳು ಗಂಟೆ ತ್ರೀ ಫೇಸ್ ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, 63 ಯೂನಿಟ್ ಆಯಿತು. ಸಾವಿರ ಅಡಿ ಆಳದಿಂದ ಅಷ್ಟು ಕರೆಂಟಿಗೆ ಮೇಲೆ ಬರುವುದು ಸುಮಾರು 27 ಸಾವಿರ ಲೀಟರ್, ಒಂದು ಎಕರೆಗೆ ಕಾಲು ಅಂಗುಲ. ಕೋಲಾರದಲ್ಲಿ ಹೊಲಗಳಲ್ಲೆಲ್ಲ ಡ್ರಿಪ್ ಪೈಪು ಹರಡಿಕೊಂಡಿರುವುದಕ್ಕೆ ಪ್ರಗತಿಪರ ರೈತ ಪ್ರಶಸ್ತಿಯ ಆಸೆ ಕಾರಣವಲ್ಲ. ಅವರಿಗೆ ಬೇರೆ ದಾರಿ ಇಲ್ಲ. ಕೋಲಾರದ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆಗೂಡು, ಬೆಂಗಳೂರಿಗೆ ಬೆಳಗ್ಗೆ ಬರುವ ಹಾಲು, ಇವೆಲ್ಲವೂ ಅರ್ಧಕ್ಕರ್ಧ ಗಟ್ಟಿಯಾಗಿಸಿದ ಕರೆಂಟು. ಹಾಗೆ ನೋಡಿದರೆ ಆ ಸಬ್ಸಿಡಿಯ ಒಂದು ಪಾಲು ತರಕಾರಿ ಕೊಳ್ಳುವ ಬೆಂಗಳೂರಿನವರ ಚೀಲಕ್ಕೂ ಬೀಳುತ್ತೆ. "ನಾವು ತೆರಿಗೆ ಕಟ್ಟೋದು" ಅನ್ನುವವರು ಇದನ್ನೂ ಒಂದು ಸಾಲು ಸೇರಿಸಿಕೊಳ್ಳಬಹುದು.

ಕೋಲಾರದವನು ಕಾಗದದ ಮೇಲೆ ಅತಿ ದೊಡ್ಡ ಫಲಾನುಭವಿ. ಯೂನಿಟ್ ಲೆಕ್ಕದಲ್ಲಿ ಅವನಿಗೆ ಸಿಕ್ಕಷ್ಟು ಕರೆಂಟು ಬೇರೆಯವರಿಗೆ ಸಿಗುವುದಿಲ್ಲ. ನೀರಿನ ಲೆಕ್ಕದಲ್ಲಿ ಅವನೇ ಕಡು ಬಡವ. ಮೇಲೆ ಬೋರ್ ಕೊರೆಸಿದ ಸಾಲ, ಕೇಸಿಂಗ್ ಪೈಪು, ಕೇಬಲ್ಲು, ವೋಲ್ಟೇಜ್ ಇಳಿದಾಗ ಸುಡುವ ಮೋಟಾರು, ಟಿಸಿ ಸುಟ್ಟರೆ ಊರವರೆಲ್ಲ ಸೇರಿ ಎತ್ತುವ ಚಂದಾ, ಇವೆಲ್ಲ ಅವನದೇ. ಚಿಂತಾಮಣಿ ಕಡೆಯ ಒಬ್ಬ ರೈತರು ನನಗೆ ಹೇಳಿದ ಮಾತು: "ಕರೆಂಟೇನೋ ಫ್ರೀನೇ ಸಾರ್. ಆದ್ರೆ ಆ ಫ್ರೀ ಕರೆಂಟು ಬಳಸೋಕೆ ನಾನು ಆರು ಲಕ್ಷ ಖರ್ಚು ಮಾಡಿದೀನಿ."

ಹತ್ತು ಎಚ್‌ಪಿ ಅನ್ನುವ ಗೆರೆಯ ಕಥೆ ಕೇಳಿ. 1990ರ ದಶಕದ ಆರಂಭದಲ್ಲಿ ಬಂಗಾರಪ್ಪ ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಅಂದಿತು. ಮಧ್ಯೆ ದರ, ಬಾಕಿ, ಸಂಪರ್ಕ ಕಡಿತ, ಪ್ರತಿಭಟನೆ ಎಲ್ಲ ಆಗಿ, 2008ರಲ್ಲಿ ಯಡಿಯೂರಪ್ಪ ಸರ್ಕಾರ ಮತ್ತೆ ಅದೇ ಗೆರೆ ಎಳೆಯಿತು. ಆಗ ತೆರೆದ ಬಾವಿಯ ಕಾಲದಲ್ಲಿ 10 ಎಚ್‌ಪಿ ಅಂದರೆ ದೊಡ್ಡ ರೈತ. ಈಗ ಬಯಲುಸೀಮೆಯಲ್ಲಿ ಎರಡು ಎಕರೆಯವನಿಗೂ ಅದಕ್ಕಿಂತ ದೊಡ್ಡ ಮೋಟಾರು ಬೇಕು. ಅವನು ಏನು ಮಾಡುತ್ತಾನೆ? ದಾಖಲೆಯಲ್ಲಿ 10, ಬಾವಿಯೊಳಗೆ ಹನ್ನೆರಡೂವರೆಯೋ ಹದಿನೈದೋ. ಲೈನ್‌ಮನ್‌ಗೂ ಗೊತ್ತು, ಎಂಜಿನಿಯರ್‌ಗೂ ಗೊತ್ತು, ಟಿಸಿಗೆ ಮಾತ್ರ ಗೊತ್ತಿರಲಿಲ್ಲ, ಅದಕ್ಕೇ ಪಾಪ ಅದು ಸುಟ್ಟುಹೋಗುತ್ತೆ. ಜಿಲ್ಲೆಗೊಂದು ಆಳ ಇರುವ ರಾಜ್ಯಕ್ಕೆ ಒಂದೇ ಗೆರೆ ಎಳೆದರೆ ಸುಳ್ಳು ಹೇಳುವುದು ಬಿಟ್ಟು ಬೇರೆ ಏನೂ ಉಳಿಯುವುದಿಲ್ಲ.

ಇಳಿಜಾರಿನ ಕೃಪೆ

ತುಂಗಭದ್ರಾ ಎಡದಂಡೆಯ ಗಂಗಾವತಿ, ಸಿಂಧನೂರು ಕಡೆ ಹೋಗಿ. ಎಕರೆಗಟ್ಟಲೆ ಭತ್ತ ಮೊಣಕಾಲು ನೀರಲ್ಲಿ ನಿಂತಿರುತ್ತೆ. ಅದಕ್ಕೆ ಒಂದು ಯೂನಿಟ್ ಕರೆಂಟೂ ಬೇಕಿಲ್ಲ, ಇಳಿಜಾರು ಇದೆ. ಆ ಇಳಿಜಾರನ್ನು ಕಟ್ಟಿಸಿಕೊಟ್ಟಿದ್ದು ಎಪ್ಪತ್ತು ವರ್ಷದ ಹಿಂದಿನ ಸಾರ್ವಜನಿಕ ಹಣ. ಅದನ್ನು ಯಾರೂ ಸಬ್ಸಿಡಿ ಅಂತ ಕರೆಯುವುದಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ರಾತ್ರಿ ಮಾತ್ರ ಆ ಆಸ್ತಿ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಏಕಾಏಕಿ ನೆನಪಾಯಿತು. ಹಾಗಂತ ಅಲ್ಲಿಯ ಬೇಸಾಯದಲ್ಲಿ ಇಂಧನ ಇಲ್ಲ ಅಂತಲ್ಲ, ಬೇರೆ ವೇಷದಲ್ಲಿ ಇದೆ. ನಾಟಿಗೆ ಮೊದಲು ಟ್ರ್ಯಾಕ್ಟರ್, ಕೊಯ್ಲಿಗೆ ಬಾಡಿಗೆ ಮಷಿನ್, ನಡುವೆ ಮೂಟೆಗಟ್ಟಲೆ ಯೂರಿಯಾ. ಯೂರಿಯಾ ಅಂದರೆ ನೈಸರ್ಗಿಕ ಅನಿಲವನ್ನು ಹರಳಾಗಿಸಿದ್ದು, ಅಷ್ಟೇ. 45 ಕೆಜಿ ಚೀಲ ರೈತನಿಗೆ 266 ರೂಪಾಯಿ 50 ಪೈಸೆಗೆ ಸಿಗುತ್ತೆ, ಉಳಿದದ್ದು ಕೇಂದ್ರ ಕೊಡುತ್ತೆ. ಕೋಲಾರದವನ ಸಬ್ಸಿಡಿ ತಂತಿಯಲ್ಲಿ ಬಂದರೆ ಸಿಂಧನೂರಿನವನ ಸಬ್ಸಿಡಿ ಕಾಲುವೆಯಲ್ಲೂ ಚೀಲದಲ್ಲೂ ಬರುತ್ತೆ. ಕಾಲುವೆಯ ಕೊನೆಯಲ್ಲಿರುವವನಿಗೆ ಮಾತ್ರ ಎರಡೂ ಸರಿಯಾಗಿ ಸಿಗದೆ, ಡೀಸೆಲ್ ಎಂಜಿನ್ ಇಟ್ಟುಕೊಂಡು ಕಾಲುವೆಗೇ ಪೈಪು ಇಳಿಬಿಡುತ್ತಾನೆ.

ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯದ್ದು ಇನ್ನೊಂದು ಬಗೆ. ಕೃಷ್ಣಾ, ಘಟಪ್ರಭಾ ದಂಡೆಯ ಹೊಲಗಳಿಗೆ ಪಂಪು ಬೇಕು, ಆದರೆ ಆಳ ಕಡಿಮೆ. ಅಲ್ಲಿಯ ರೈತ ಇಂಧನ ಬಳಸುವುದಷ್ಟೇ ಅಲ್ಲ, ಬೆಳೆಯುತ್ತಾನೆ ಕೂಡ. ಅವನ ಕಬ್ಬಿನ ಸಿಪ್ಪೆಯಿಂದ ಕಾರ್ಖಾನೆ ಕರೆಂಟು ಮಾಡಿ ಗ್ರಿಡ್‌ಗೆ ಮಾರುತ್ತೆ, ಕಾಕಂಬಿಯಿಂದ ಎಥೆನಾಲ್ ಮಾಡಿ ಪೆಟ್ರೋಲ್ ಕಂಪನಿಗೆ ಮಾರುತ್ತೆ. ಕಬ್ಬಿನ ದರ ನಿಗದಿಯಾಗುವಾಗ ಈ ಎರಡು ಆದಾಯಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ರೈತರ ಹಳೆಯ ಬೇಡಿಕೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಕೂತಿದ್ದವರ ಸಿಟ್ಟಿನ ಹಿಂದೆ ಇದೂ ಇತ್ತು. ಅತ್ತ ಮಂಡ್ಯದ ಆಲೆಮನೆಗಳಲ್ಲಿ ಅದೇ ಸಿಪ್ಪೆ ಒಲೆಗೆ ಹೋಗುತ್ತೆ. ಸಿಪ್ಪೆ ಹಸಿಯಾಗಿದ್ದಾಗ, ಸಾಲದಿದ್ದಾಗ, ಹಳೆ ಟೈರು, ಪ್ಲಾಸ್ಟಿಕ್ ಕೂಡ ಹೋಗುತ್ತೆ ಅನ್ನುವ ದೂರು ಬಹಳ ಕಾಲದಿಂದ ಇದೆ. ಒಂದೇ ಸಿಪ್ಪೆ ಒಂದು ಕಡೆ ಮೆಗಾವ್ಯಾಟ್, ಇನ್ನೊಂದು ಕಡೆ ಹೊಗೆ.

ತೊಗರಿ ಹೊಲದಲ್ಲಿ ಮೀಟರೂ ಇಲ್ಲ, ಸಬ್ಸಿಡಿಯೂ ಇಲ್ಲ

ನನ್ನ ನಿಜವಾದ ತಕರಾರು ಇರುವುದು ಇಲ್ಲಿ. ರಾಜ್ಯದ ಸಾಗುವಳಿ ಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇವತ್ತಿಗೂ ಮಳೆಯನ್ನೇ ನಂಬಿದೆ. ಕಲಬುರಗಿಯ ತೊಗರಿ, ವಿಜಯಪುರದ ಜೋಳ, ಗದಗದ ಕಡಲೆ. ಈ ಹೊಲಗಳಲ್ಲಿ ಪಂಪ್‌ಸೆಟ್ ಇಲ್ಲ, ಹಾಗಾಗಿ ಉಚಿತ ಕರೆಂಟಿನ ಒಂದು ಪೈಸೆಯೂ ಇಲ್ಲಿಗೆ ಬರುವುದಿಲ್ಲ. ಎತ್ತು ಸಾಕುವುದು ಕಷ್ಟವಾಗಿ, ಉಳುಮೆಗೆ ಗಂಟೆ ಲೆಕ್ಕದ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷ ಆಯಿತು. ಅಂದರೆ ಒಣಬೇಸಾಯದ ಇಂಧನ ಈಗ ಡೀಸೆಲ್. ಡೀಸೆಲ್‌ಗೆ ಕೇಂದ್ರದ ಸುಂಕ ಇದೆ, ರಾಜ್ಯದ ಮಾರಾಟ ತೆರಿಗೆ ಇದೆ. 2024ರ ಜೂನ್‌ನಲ್ಲಿ ರಾಜ್ಯ ತನ್ನ ತೆರಿಗೆ ಏರಿಸಿತು, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಮತ್ತೆ ಏರಿಸಿತು. ಬಾಡಿಗೆ ಟ್ರ್ಯಾಕ್ಟರಿನವನು ಅದನ್ನು ತನ್ನ ಕಿಸೆಯಿಂದ ಕಟ್ಟುತ್ತಾನಾ? ಗಂಟೆಗೆ ನೂರು ರೂಪಾಯಿ ಜಾಸ್ತಿ ಮಾಡುತ್ತಾನೆ, ಅಷ್ಟೆ.

ಒಂದೇ ರಾಜ್ಯ, ಒಂದೇ ಕೃಷಿ ಇಲಾಖೆ. ನೀರಿದ್ದವನ ಇಂಧನ ಉಚಿತ, ನೀರಿಲ್ಲದವನ ಇಂಧನಕ್ಕೆ ತೆರಿಗೆ.

ಇದನ್ನು ಸರಿಮಾಡಲು ಯಾರೂ ಏನೂ ಮಾಡಿಲ್ಲ ಅಂತಲ್ಲ. 2022ರ ಬಜೆಟ್‌ನಲ್ಲಿ ಬೊಮ್ಮಾಯಿ ಸರ್ಕಾರ 'ರೈತ ಶಕ್ತಿ' ಅಂತ ಡೀಸೆಲ್ ಸಹಾಯಧನ ಘೋಷಿಸಿತ್ತು. ಎಕರೆಗೆ 250 ರೂಪಾಯಿ, ಗರಿಷ್ಠ ಐದು ಎಕರೆ. ಅಂದರೆ ಹೆಚ್ಚೆಂದರೆ 1,250 ರೂಪಾಯಿ. ಇದರ ಪಕ್ಕಕ್ಕೆ ಮೇಲಿನ ಕೋಲಾರದ ಪಂಪನ್ನು ಇಡಿ. ದಿನಕ್ಕೆ 60 ಯೂನಿಟ್, ವರ್ಷಕ್ಕೆ 200 ದಿನ, 12 ಸಾವಿರ ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ 84 ಸಾವಿರ. ಒಬ್ಬನಿಗೆ 84 ಸಾವಿರ, ಇನ್ನೊಬ್ಬನಿಗೆ 1,250. ಕೋಲಾರದವನು ಇದರಿಂದ ಶ್ರೀಮಂತನಾಗಿಲ್ಲ ಅನ್ನುವುದು ಮೇಲೆಯೇ ಬಂತು. ಹಾಗಿದ್ದರೂ ಈ ಎರಡು ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಇಟ್ಟು ಸಮರ್ಥಿಸುವುದು ಯಾವ ಮಂತ್ರಿಗೂ ಸುಲಭವಲ್ಲ. ಅದಕ್ಕೇ ಯಾರೂ ಒಂದೇ ಕೋಷ್ಟಕದಲ್ಲಿ ಇಡುವುದಿಲ್ಲ. ಒಂದು ಇಂಧನ ಇಲಾಖೆಯ ಕಡತದಲ್ಲಿರುತ್ತೆ, ಇನ್ನೊಂದು ಕೃಷಿ ಇಲಾಖೆಯದರಲ್ಲಿ.

ಇದರ ರಾಜಕೀಯ ಕಾರಣವೂ ಗುಟ್ಟೇನಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಎದ್ದ ರೈತ ಬಂಡಾಯದ ಕಿಡಿ ಮಲಪ್ರಭಾ ಅಚ್ಚುಕಟ್ಟಿನ ಕರದ್ದು. ಆಮೇಲಿನ ನಲವತ್ತು ವರ್ಷದ ರೈತ ರಾಜಕಾರಣದಲ್ಲಿ ದೊಡ್ಡ ದನಿ ನೀರಾವರಿ ರೈತನದೇ. ಕರ, ಕರೆಂಟು, ಕಬ್ಬಿನ ದರ. ಅವನ ಬೇಡಿಕೆಗೆ ವಿಳಾಸ ಇತ್ತು: ಅಣೆಕಟ್ಟು, ಕಾರ್ಖಾನೆ, ಎಸ್ಕಾಂ ಕಚೇರಿ. ಮಳೆ ನಂಬಿದವನು ಯಾವ ಕಚೇರಿ ಮುಂದೆ ಧರಣಿ ಕೂರಬೇಕು?

ಬಚ್ಚಲ ಒಲೆಯ ಲೆಕ್ಕ

ಘಟ್ಟದ ಮೇಲೆ, ಸಿರ್ಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ ಕಡೆ, ಪಂಪ್‌ಸೆಟ್ ಕಥೆಯ ಅರ್ಧ ಭಾಗ ಮಾತ್ರ. ಅಡಿಕೆ ಕೊಯ್ಲಿನ ಕಾಲಕ್ಕೆ ಹೋಗಿ ನೋಡಿ. ಸುಲಿದ ಅಡಿಕೆ ಹಂಡೆಯಲ್ಲಿ ಬೇಯುತ್ತಿರುತ್ತೆ, ಕೆಳಗೆ ಕಟ್ಟಿಗೆ ಉರಿಯುತ್ತಿರುತ್ತೆ. ಮಳೆ ಹಿಡಿದರೆ ಒಣಗಿಸಲಿಕ್ಕೂ ಕಟ್ಟಿಗೆಯೇ. ಜೊತೆಗೆ ಬಚ್ಚಲ ಒಲೆ. ಚಳಿ, ಮಳೆಯ ಊರಲ್ಲಿ ಸ್ನಾನದ ನೀರು ಕಾಯಿಸಲು ಸುಡುವ ಕಟ್ಟಿಗೆ ಬಯಲುಸೀಮೆಯವರ ಊಹೆಗೆ ಸಿಗುವುದಿಲ್ಲ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಉತ್ತರ ಕನ್ನಡದಲ್ಲಿ ಮಾಡಿದ ಅಧ್ಯಯನಗಳು ಒಂದೇ ಜಿಲ್ಲೆಯೊಳಗೆ ಕರಾವಳಿ, ಘಟ್ಟ, ಬಯಲಿನ ತಾಲೂಕುಗಳ ನಡುವೆ ಕಟ್ಟಿಗೆ ಬಳಕೆ ಹೇಗೆ ಬದಲಾಗುತ್ತೆ ಅಂತ ತೋರಿಸಿದ್ದವು. ಒಂದು ಜಿಲ್ಲೆಗೇ ಒಂದು ಸರಾಸರಿ ಸಾಲದು ಅಂದಮೇಲೆ ರಾಜ್ಯದ ಸರಾಸರಿ ಇಟ್ಟುಕೊಂಡು ಏನು ಯೋಜನೆ ಮಾಡುವುದು?

ಈ ಕಟ್ಟಿಗೆ ಯಾವ ಬಜೆಟ್ ಪುಸ್ತಕದಲ್ಲೂ ಇಲ್ಲ, ಯಾಕೆಂದರೆ ಅದನ್ನು ಹೊತ್ತು ತರುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. 1974ರಲ್ಲಿ ಐಐಎಸ್‌ಸಿಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರು ಕಟ್ಟಿದ 'ಅಸ್ತ್ರ' ಗುಂಪು ತುಮಕೂರು ಜಿಲ್ಲೆಯ ಉಂಗ್ರ ಸುತ್ತಲ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಇಂಧನದ ಲೆಕ್ಕ ಬರೆದುಕೊಂಡಿತು. ಹಳ್ಳಿಯ ಇಂಧನದಲ್ಲಿ ಸಿಂಹಪಾಲು ಬೇಸಾಯದ್ದಲ್ಲ, ಅಡುಗೆಯದ್ದು ಅಂತ ಆ ಲೆಕ್ಕದಿಂದ ಹೊರಬಿತ್ತು. ಕಟ್ಟಿಗೆ ಆರಿಸುವುದು, ನೀರು ಹೊರುವುದು ಅಂತ ಹೆಂಗಸರು, ಮಕ್ಕಳು ಸುರಿಯುವ ಮೈಶಕ್ತಿಯೂ ಲೆಕ್ಕಕ್ಕೆ ಬಂತು. ಹಳ್ಳಿಯ ಇಂಧನ ಅಂದ ಕೂಡಲೇ ಪಂಪ್‌ಸೆಟ್ ಅನ್ನುವ ನಮ್ಮ ಅಭ್ಯಾಸ ಗಂಡಸರ ಕಣ್ಣಿನಿಂದ ನೋಡುವ ಅಭ್ಯಾಸ. ಅಸ್ತ್ರ ಒಲೆ ಹುಟ್ಟಿದ್ದು ಈ ಲೆಕ್ಕದಿಂದ. ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ 1980ರ ದಶಕದಲ್ಲಿ ಊರಿಗೇ ಒಂದು ಸಗಣಿ ಗ್ಯಾಸ್ ಘಟಕ ಇಟ್ಟು ದೀಪ ಹಚ್ಚಿ, ಕುಡಿಯುವ ನೀರು ಪಂಪು ಮಾಡಿದ್ದೂ ಅವರೇ. ಈಗಿನ ಸ್ಟಾರ್ಟಪ್‌ನವರು ಕ್ಲೀನ್ ಎನರ್ಜಿ ಪಿಚ್ ಮಾಡುವಾಗ ಇದನ್ನು ಒಂದು ಸಲ ಓದಿಕೊಂಡರೆ ಒಳ್ಳೆಯದು.

ಸಿರ್ಸಿ ಕಡೆಯ ಅಡಿಕೆ ಮನೆಗಳಲ್ಲಿ ಗೋಬರ್ ಗ್ಯಾಸ್ ಗಟ್ಟಿಯಾಗಿ ಬೇರು ಬಿಟ್ಟಿತು. ಕೊಟ್ಟಿಗೆಯಲ್ಲಿ ದನ ಇತ್ತು, ಹಿತ್ತಿಲಲ್ಲಿ ಜಾಗ ಇತ್ತು, ಸ್ಲರಿ ಹಾಕಲು ತೋಟ ಇತ್ತು. ಸೊಪ್ಪಿನ ಬೆಟ್ಟದ ಹಕ್ಕಿದ್ದ ಮನೆಗಳಿಗೆ ಕಟ್ಟಿಗೆಯೂ ಹತ್ತಿರ. ಅದೇ ಊರಿನ ಕೂಲಿ ಮನೆಗೆ ದನವೂ ಇಲ್ಲ, ಬೆಟ್ಟವೂ ಇಲ್ಲ. ಅವರ ಇಂಧನ ಅಂದರೆ ತಲೆಹೊರೆ, ಫಾರೆಸ್ಟಿನವರ ಭಯ, ಮತ್ತು ಮೂಲೆಯಲ್ಲಿ ನಿಂತ ಉಜ್ವಲಾ ಸಿಲಿಂಡರು. ತಿಂಗಳು ತಿಂಗಳು ತುಂಬಿಸಲು 300 ರೂಪಾಯಿ ಸಬ್ಸಿಡಿ ಸಾಲದ ಮನೆಗಳವು. ಕಲಬುರಗಿಯಲ್ಲಿ ಇದೇ ಜಾಗದಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಇರುತ್ತೆ. ಸುಗ್ಗಿ ಮುಗಿದು ಮೂರು-ನಾಲ್ಕು ತಿಂಗಳಿಗೆ ಅದೂ ಮುಗಿಯುತ್ತೆ.

ಕಾಫಿಯದ್ದನ್ನು ಬೇಗ ಹೇಳಿಬಿಡುತ್ತೇನೆ. ರೊಬಸ್ಟಾಗೆ ಫೆಬ್ರುವರಿ-ಮಾರ್ಚ್‌ನಲ್ಲಿ ಹೂಮಳೆ ಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ವರ್ಷದಲ್ಲಿ ಕೆಲವೇ ದಿನದ ಕೆಲಸ, ಆದರೆ ಆ ದಿನ ತಪ್ಪಿದರೆ ವರ್ಷದ ಬೆಳೆ ಹೋಯಿತು. ಕರೆಂಟನ್ನು ನಂಬಿ ಕೂರಲಾಗದೆ ಡೀಸೆಲ್ ಎಂಜಿನ್ ಇಟ್ಟುಕೊಳ್ಳುತ್ತಾರೆ. ಎಸ್ಕಾಂ ದರಪಟ್ಟಿಯಲ್ಲಿ ಕಾಫಿ ತೋಟಕ್ಕೆ ಬೇರೆಯದೇ ವರ್ಗ, ಅದು ಉಚಿತದ ಪಟ್ಟಿಯಲ್ಲಿರಲಿಲ್ಲ. ಬೊಮ್ಮಾಯಿ ಕಾಲದಲ್ಲಿ ಸಣ್ಣ ಬೆಳೆಗಾರರಿಗೂ 10 ಎಚ್‌ಪಿವರೆಗೆ ಕೊಡುತ್ತೇವೆ ಅಂತಾಯಿತು, ಮೊದಲು ಬಿಲ್ಲು ಕಟ್ಟಿ ಆಮೇಲೆ ವಾಪಸ್ ಪಡೆಯುವ ಲೆಕ್ಕದಲ್ಲಿ. ಎಸ್ಟೇಟ್ ಅಂದರೆ ಬಂಗಲೆ, ಜೀಪು ಅಂದುಕೊಂಡವರಿಗೆ ಇದು ಅನ್ಯಾಯ ಅನ್ನಿಸಬಹುದು. ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವೇ ಅಂತ ಅವರಿಗೆ ಯಾರಾದರೂ ಹೇಳಬೇಕು.

ಬಂಟ್ವಾಳದ ಮಾಣಿಲ, ಗಡಿಯಾಚೆ ಕಾಸರಗೋಡಿನ ಬಾಯಾರು, ಪಡ್ರೆ ಕಡೆಯ ಸುರಂಗಗಳನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಕೊರೆದು, ಒಸರುವ ನೀರನ್ನು ಅದರಷ್ಟಕ್ಕೇ ತೋಟಕ್ಕೆ ಇಳಿಸಿಕೊಳ್ಳುವ ವ್ಯವಸ್ಥೆ. ಯೂನಿಟ್ ಲೆಕ್ಕ ಸೊನ್ನೆ. ಬೋರ್‌ವೆಲ್‌ಗೆ ಉಚಿತ ಕರೆಂಟು ಕೊಡುವ ಸರ್ಕಾರ ಕರೆಂಟೇ ಬೇಡದ ಸುರಂಗವನ್ನು ಉಳಿಸಿಕೊಂಡವನಿಗೆ ಏನು ಕೊಟ್ಟಿದೆ?

ಸೋಲಾರ್ ಬಂದರೆ ಎಲ್ಲ ಸರಿಹೋಗುತ್ತಾ?

ಎಲ್ಲದಕ್ಕೂ ಈಗ ಸೋಲಾರ್ ಅನ್ನುವುದೇ ಉತ್ತರ. 2023ರ ಬರದಲ್ಲಿ, 236 ತಾಲೂಕುಗಳಲ್ಲಿ 223 ಬರಪೀಡಿತ ಆದಾಗ, ಏಳು ಗಂಟೆ ಕರೆಂಟು ಐದಕ್ಕೆ ಇಳಿದು ಬೀದಿಗಳಲ್ಲಿ ಗಲಾಟೆ ಆಯಿತು. ಅದೇ ಹೊತ್ತಿಗೆ ಸರ್ಕಾರ ಹೊಸ ಪಂಪ್‌ಸೆಟ್‌ಗಳ ನಿಯಮ ಬದಲಿಸಿತು. ವಿದ್ಯುತ್ ಜಾಲದಿಂದ 500 ಮೀಟರ್ ಆಚೆ ಇರುವವರು ಕುಸುಮ್-ಬಿ ಅಡಿ ಸೋಲಾರ್ ಪಂಪು ಹಾಕಿಕೊಳ್ಳಬೇಕು. ಕೇಂದ್ರ ಶೇ 30, ರಾಜ್ಯ ಶೇ 50, ರೈತ ಶೇ 20. ಚೆನ್ನಾಗಿದೆ. ಆದರೆ ಕೇಂದ್ರದ ನೆರವು ಏಳೂವರೆ ಎಚ್‌ಪಿ ಪಂಪಿನ ಲೆಕ್ಕಕ್ಕೆ ನಿಲ್ಲುತ್ತೆ. ಹೊಳೆ ದಂಡೆಗೆ, ತೆರೆದ ಬಾವಿಗೆ, ಮಲೆನಾಡಿನ ತೋಟಕ್ಕೆ ಇದು ಹೇಳಿ ಮಾಡಿಸಿದ್ದು. ಸಾವಿರ ಅಡಿ ಬೋರಿಗೆ ಏಳೂವರೆ ಎಚ್‌ಪಿ ಎಲ್ಲಿ ಸಾಲುತ್ತೆ? ನೀರು ಎಲ್ಲಿ ಮೇಲಿದೆಯೋ ಅಲ್ಲಿ ಈ ಯೋಜನೆ ಚೆನ್ನಾಗಿ ಓಡುತ್ತೆ, ಎಲ್ಲಿ ಸಂಕಟ ಇದೆಯೋ ಅಲ್ಲಿ ಕುಂಟುತ್ತೆ.

ಕುಸುಮ್-ಸಿ ಇದಕ್ಕಿಂತ ವಾಸಿ ಅಂತ ನನಗನ್ನಿಸುತ್ತೆ. ಪಂಪು ಪಂಪಿಗೆ ಹಲಗೆ ಕೂರಿಸುವ ಬದಲು, ಸಬ್‌ಸ್ಟೇಷನ್ ಪಕ್ಕದಲ್ಲಿ ಸೋಲಾರ್ ಘಟಕ ಇಟ್ಟು ಇಡೀ ಫೀಡರ್‌ಗೆ ಹಗಲು ಹೊತ್ತು ಕರೆಂಟು ಕೊಡುವುದು. ಗೌರಿಬಿದನೂರು ತಾಲೂಕಿನಲ್ಲಿ 2025ರಲ್ಲಿ ಇಂಥ ಘಟಕಕ್ಕೆ ಚಾಲನೆ ಸಿಕ್ಕಿತು. ರಾತ್ರಿ ಎರಡು ಗಂಟೆಗೆ ಹಾವು, ಕರಡಿಗೆ ಹೆದರುತ್ತ ಸ್ಟಾರ್ಟರ್ ಒತ್ತಲು ಹೋಗುವುದು ತಪ್ಪಿದರೆ ಅದೊಂದೇ ಸಾಕು, ಯೋಜನೆ ಸಾರ್ಥಕ. ಆದರೆ ಅಂತರ್ಜಲ ಬಳಕೆ ಮರುಪೂರಣವನ್ನೂ ಮೀರಿಹೋಗಿರುವ ಜಿಲ್ಲೆಗಳಲ್ಲಿ ಹಗಲು ಬಂದ ಕರೆಂಟೂ ಎತ್ತುವುದು ಅದೇ ತಳ ಕಂಡ ನೀರನ್ನೇ. ಅಲ್ಲಿಗೆ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರು ಬಂತು, ಎತ್ತಿನಹೊಳೆ ಬರುತ್ತೆ ಅಂತಿದ್ದಾರೆ. ಎರಡೂ ಇಳಿಜಾರಿನಲ್ಲಿ ಹರಿದು ಬರುವ ನೀರಲ್ಲ, ಪಂಪಿನಲ್ಲಿ ಎತ್ತಿ ಕಳಿಸುವ ನೀರು. ಒಮ್ಮೆ ಕರೆಂಟಲ್ಲಿ ಕೆರೆಗೆ, ಕೆರೆಯಿಂದ ಇಂಗಿ ಬೋರಿಗೆ, ಇನ್ನೊಮ್ಮೆ ಕರೆಂಟಲ್ಲಿ ಹೊಲಕ್ಕೆ.

ಪಾವಗಡದ್ದು ತಿರುಗಾ ಮುರುಗಾ ಕಥೆ. ನೀರಿಲ್ಲದ ಐದು ಹಳ್ಳಿಗಳ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಭೂಮಿ ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು ನಿಜಕ್ಕೂ ಒಳ್ಳೆಯ ಮಾದರಿ, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಲೆಕಾಯಿ ಕೈಕೊಟ್ಟ ವರ್ಷಗಳನ್ನು ಕಂಡವನಿಗೆ ಅದು ದೇವರು ಕೊಟ್ಟ ದುಡ್ಡು. ಪಹಣಿಯಲ್ಲಿ ಹೆಸರಿಲ್ಲದ, ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಕುರಿ ಮೇಯಿಸುತ್ತಿದ್ದವನಿಗೆ ಎದುರಾದದ್ದು ಬೇಲಿ.

ಹಾಗಾದರೆ ಏನು ಮಾಡಬೇಕು?

"ಮೀಟರ್ ಹಾಕಿ" ಅನ್ನುವುದು ಎಂಜಿನಿಯರ್‌ಗಳ ಮೊದಲ ಉತ್ತರ. 2003ರ ವಿದ್ಯುತ್ ಕಾಯ್ದೆಯೂ ಅದನ್ನೇ ಹೇಳುತ್ತೆ. ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲದ್ದರಿಂದ ಎಸ್ಕಾಂಗಳು ಅಂದಾಜಿನ ಮೇಲೆ ಲೆಕ್ಕ ಬರೆಯುತ್ತವೆ, ಲೈನಿನಲ್ಲಿ ಸೋರಿದ್ದು, ಕದ್ದದ್ದು ಎಷ್ಟು ರೈತನ ಹೆಸರಿಗೆ ಬೀಳುತ್ತೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಆದರೂ ರೈತ ಮೀಟರ್ ಕಂಡರೆ ಯಾಕೆ ಬೆಚ್ಚುತ್ತಾನೆ ಅಂತ ನನಗೆ ಅರ್ಥವಾಗುತ್ತೆ. ಮೀಟರಿನ ಹಿಂದೆ ಬಿಲ್ಲು, ಬಿಲ್ಲಿನ ಹಿಂದೆ ಬಾಕಿ, ಬಾಕಿಯ ಹಿಂದೆ ಫ್ಯೂಸ್ ಕೀಳುವವನು ಬಂದದ್ದನ್ನು ಅವನ ಅಪ್ಪ ನೋಡಿದ್ದಾನೆ. 2020-21ರಲ್ಲಿ ದಿಲ್ಲಿ ಗಡಿಯಲ್ಲಿ ಕೂತವರ ಬೇಡಿಕೆಗಳಲ್ಲಿ ವಿದ್ಯುತ್ ತಿದ್ದುಪಡಿ ಮಸೂದೆ ಬೇಡ ಅನ್ನುವುದೂ ಸೇರಿತ್ತು.

ಫೀಡರ್ ಮಟ್ಟದಲ್ಲಿ ಅಳೆಯಿರಿ, ಮನೆ ಬಾಗಿಲಿಗೆ ಹೋಗಬೇಡಿ. ಪಂಜಾಬ್ 2018ರಲ್ಲಿ 'ಪಾನಿ ಬಚಾವೋ, ಪೈಸೆ ಕಮಾವೋ' ಅಂತ ಒಂದು ಪ್ರಯೋಗ ಶುರು ಮಾಡಿತು. ನಿಗದಿತ ಪ್ರಮಾಣ ಉಚಿತವಾಗಿಯೇ ಇರುತ್ತೆ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ ರೈತನ ಖಾತೆಗೆ 4 ರೂಪಾಯಿ. ಇಷ್ಟವಿದ್ದವರು ಸೇರಬಹುದು, ಹೆಚ್ಚು ಬಳಸಿದರೆ ದಂಡ ಇಲ್ಲ. ಇಂಥದ್ದನ್ನು ಕೋಲಾರದ ನಾಲ್ಕು ಫೀಡರ್‌ಗಳಲ್ಲಿ ಮಾಡಿ ನೋಡಲು ಯಾವ ಕ್ರಾಂತಿಯೂ ಬೇಕಿಲ್ಲ. 10 ಎಚ್‌ಪಿ ಗೆರೆಯನ್ನು ಅಂತರ್ಜಲದ ಆಳಕ್ಕೆ ತಕ್ಕಂತೆ ತಾಲೂಕುವಾರು ಬದಲಿಸಿ, ಸುಳ್ಳು ದಾಖಲೆಯಾದರೂ ನಿಲ್ಲುತ್ತೆ.

ಪಂಪ್‌ಸೆಟ್ ಇಲ್ಲದವನಿಗೆ ಅವನ ಪಾಲು ಕೊಡಿ. ಡೀಸೆಲ್ ಮೇಲೆ ರಾಜ್ಯ ಅವನಿಂದ ತೆಗೆದುಕೊಳ್ಳುವ ತೆರಿಗೆಯಷ್ಟನ್ನಾದರೂ ಎಕರೆ ಲೆಕ್ಕದಲ್ಲಿ ವಾಪಸ್ ಹಾಕಿ, 250 ರೂಪಾಯಿಯ ತಮಾಷೆ ಅಲ್ಲ. ಅಡಿಕೆ ಬೇಯಿಸುವ ಒಲೆ, ಬಚ್ಚಲ ಒಲೆ, ಗೋಬರ್ ಗ್ಯಾಸ್ ಇವುಗಳನ್ನು ಇಂಧನ ಇಲಾಖೆಯ ಲೆಕ್ಕದೊಳಗೆ ತನ್ನಿ. ಇದಕ್ಕೆ ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ನೀರಾವರಿಯವನಿಂದ ಕಿತ್ತು ಒಣಬೇಸಾಯದವನಿಗೆ ಕೊಡಿ ಅಂತ ನಾನು ಹೇಳುತ್ತಿಲ್ಲ, ಅದು ಇಬ್ಬರು ಬಡವರನ್ನು ಕುಸ್ತಿಗೆ ಬಿಡುವ ಆಟ. ರೈತನ ಹೆಸರಲ್ಲಿ ಬರೆಯುವ ಯೂನಿಟ್‌ಗಳಲ್ಲಿ ಎಷ್ಟು ನಿಜಕ್ಕೂ ರೈತನದು ಅಂತ ಮೊದಲು ತೋರಿಸಿ, ದುಡ್ಡಿನ ಮಾತು ಅಲ್ಲಿಂದ ಶುರುವಾಗಲಿ.

ಅದನ್ನು ತೋರಿಸಲು ಬೇಕಾದ ಮಾಹಿತಿ ಈಗ ಸರ್ಕಾರದ ಕೈಯಲ್ಲೇ ಇದೆ. 2024ರಲ್ಲಿ ಎಸ್ಕಾಂಗಳು ಪಂಪ್‌ಸೆಟ್‌ಗಳ ಆರ್‌.ಆರ್. ನಂಬರ್‌ಗೆ ಆಧಾರ್ ಜೋಡಿಸಲು ಹೊರಟಾಗ ರೈತ ಸಂಘಟನೆಗಳು ವಿರೋಧಿಸಿದವು. ಆ ಅನುಮಾನಕ್ಕೆ ಕಾರಣ ಇದೆ, ಮಾಹಿತಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತೆ. ಯಾವ ತಾಲೂಕಿಗೆ ಎಷ್ಟು ಯೂನಿಟ್, ಒಂದೇ ಹೆಸರಲ್ಲಿ ಎಷ್ಟು ಸಂಪರ್ಕ, ಯಾವ ಫೀಡರ್‌ನಲ್ಲಿ ಎಷ್ಟು ಸೋರಿಕೆ ಅಂತ ಯಾರ ಹೆಸರನ್ನೂ ಹಾಕದೆ ತಾಲೂಕುವಾರು ಪ್ರಕಟಿಸಬಹುದು. ಪ್ರತಿ ಎಸ್ಕಾಂನ ದರ ಪರಿಷ್ಕರಣೆಗೆ ಮೊದಲು ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತೆ, ಅಲ್ಲಿ ಆಕ್ಷೇಪಣೆ ಸಲ್ಲಿಸಲು ನೀವು ಎಂಜಿನಿಯರೂ ಆಗಬೇಕಿಲ್ಲ, ವಕೀಲರೂ ಆಗಬೇಕಿಲ್ಲ. ಅಲ್ಲಿ ಸಾಮಾನ್ಯವಾಗಿ ಹೆಚ್ಚು ಕೇಳಿಸುವುದು ಕೈಗಾರಿಕೆಗಳ ದನಿ. ಮುಂದಿನ ಸಲ ಕಲಬುರಗಿಯ ವಿಚಾರಣೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, ಪಂಪ್‌ಸೆಟ್ ಇಲ್ಲದ ತೊಗರಿ ರೈತನ ಪಾಲಿನ ಇಂಧನ ಸಬ್ಸಿಡಿ ಎಷ್ಟು ಅಂತ ಕೇಳಿದರೆ, ಜೆಸ್ಕಾಂ ಅಧಿಕಾರಿಗಳು ಯಾವ ಪುಟ ತೆರೆಯುತ್ತಾರೆ ಅಂತ ನೋಡುವ ಕುತೂಹಲ ನನಗಿದೆ.